ಬರಿದಾದ ಕೋಣೆಗೆ ಗಾಳಿಯೇಕೆ?

ಕೆಲವು ವರ್ಷಗಳ ಹಿಂದೆ ವೈಶಾಖದ ಒಂದು ಮಧ್ಯಾಹ್ನ ಕಲಬುರಗಿಯ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಒಳಗಿನ ಮೂರು ಕೋಣೆಗಳಲ್ಲಿ ಯಾರೂ ಇರಲಿಲ್ಲ. ಮೂರರಲ್ಲಿಯೂ ಫ್ಯಾನುಗಳು ತಿರುಗುತ್ತಿದ್ದವು. ಎಂಬತ್ತು ದಾಟಿದ ತಾಯಿಯವರು ಮಾತ್ರ ಪಡಸಾಲೆಯಲ್ಲಿ ಫ್ಯಾನನ್ನು ನಿಲ್ಲಿಸಿ, ಬೀಸಣಿಗೆ ಹಿಡಿದು ಕುಳಿತಿದ್ದರು. ಏಕೆಂದು ಕೇಳಿದೆವು. "ನಾ ಒಬ್ಬಾಕಿ ಇದ್ದೇನ್ರಿ, ಸುಮ್ಮನ ಯಾಕ ಕರೆಂಟ್ ಹಾಳು ಮಾಡೂದು?" ಎಂದರು. ಜನರಿಲ್ಲದಲ್ಲಿ ದುಂದು, ಜನರಿರುವಲ್ಲಿ ಜಿಪುಣತನ! ಮಿತವ್ಯಯವು ತಲೆಕೆಳಗಾಗುವುದೆಂದರೆ ಇದೇ.

ಫ್ಯಾನು ಕೋಣೆಯನ್ನು ತಂಪುಗೊಳಿಸುವುದಿಲ್ಲ; ಮೈಯ ಬೆವರನ್ನು ಆರಿಸಿ ಮನುಷ್ಯನನ್ನು ತಂಪುಗೊಳಿಸುತ್ತದೆ. ಮನುಷ್ಯನೇ ಇಲ್ಲದಲ್ಲಿ ಅದರ ಸೇವೆ ಯಾರಿಗೆ? ಹಳೆಯ ಮಾದರಿಯ ಒಂದು ಫ್ಯಾನಿಗೆ ಸುಮಾರು ೭೫ ವ್ಯಾಟ್ ಬೇಕು. ಅಂಥ ಮೂರು ಫ್ಯಾನುಗಳು ನಾಲ್ಕೂವರೆ ಗಂಟೆ ತಿರುಗಿದರೆ ಒಂದು ಯೂನಿಟ್ ಮುಗಿಯಿತು. ತಿಂಗಳಿಗೆ ೩೦ ಯೂನಿಟ್. ಏ.ಸಿ.ಯ ಮಾತು ಬೇರೆ. ಅದು ಕೋಣೆಯನ್ನೇ ತಂಪುಗೊಳಿಸುವುದರಿಂದ ಬಾಗಿಲು ತೆರೆದಷ್ಟೂ ನಷ್ಟ. ಒಂದೂವರೆ ಟನ್ನಿನ ಯಂತ್ರವು ಕಡುಬೇಸಿಗೆಯಲ್ಲಿ ಗಂಟೆಗೆ ಒಂದರಿಂದ ಒಂದೂವರೆ ಯೂನಿಟ್ ನುಂಗಬಲ್ಲದು. ಆದುದರಿಂದ ಒಂದೇ ಕೋಣೆ, ಮುಚ್ಚಿದ ಬಾಗಿಲು, ೨೪ ಡಿಗ್ರಿಯ ಮಿತಿ ಸಾಕು. ಕೂಲರಿಗೆ ಮಾತ್ರ ಇದಕ್ಕೆ ವಿರುದ್ಧ ನಿಯಮ: ಹಸಿಗಾಳಿ ಹೊರಹೋಗಲು ಕಿಟಕಿಯೊಂದು ತೆರೆದಿರಬೇಕು.

ನಮ್ಮ ಹಿರಿಯರ ಜಂತಿಮನೆಗಳಲ್ಲಿ ದಪ್ಪ ಗೋಡೆ, ಮಣ್ಣಿನ ಮಾಳಿಗೆಗಳು ಬಿಸಿಲನ್ನು ತಡೆಯುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಮನೆಮಂದಿಯೆಲ್ಲ ಪಡಸಾಲೆಗೆ ಬಂದು ಸೇರುತ್ತಿದ್ದರು. ಇಂದು ಕಾಂಕ್ರೀಟಿನ ಸೂರಿನಡಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಕೋಣೆಗೊಂದು ಯಂತ್ರ. ಬೇಸಿಗೆಯ ಎರಡು ತಿಂಗಳಾದರೂ ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತರೆ ವಿದ್ಯುತ್ತೂ ಉಳಿದೀತು, ಮಾತೂ ಬೆಳೆದೀತು. ಪಡುವಣ ಕಿಟಕಿಗೆ ಹಗಲಿನಲ್ಲಿ ಪರದೆ ಇಳಿಬಿಡುವುದು, ರಾತ್ರಿ ಕಿಟಕಿಗಳನ್ನು ತೆರೆಯುವುದು, ಇವಕ್ಕೆ ಕಾಸಿನ ಖರ್ಚಿಲ್ಲ.

೨೦೨೩ರ ಆಗಸ್ಟ್‌ನಿಂದ ಗೃಹಜ್ಯೋತಿ ಯೋಜನೆಯ ಫಲವಾಗಿ ನಮ್ಮ ರಾಜ್ಯದ ಅನೇಕ ಮನೆಗಳಿಗೆ ಶೂನ್ಯ ಬಿಲ್ಲು ಬರತೊಡಗಿತು. ಬಡವರ ಮನೆಗೆ ಅದು ದೊಡ್ಡ ಆಸರೆ. ಆದರೆ ಬಿಲ್ಲು ಶೂನ್ಯವಾದ ಮಾತ್ರಕ್ಕೆ ಬೆಲೆ ಶೂನ್ಯವಲ್ಲ. ರಾಯಚೂರಿನ ಶಕ್ತಿನಗರದಲ್ಲಿ ೧೯೮೫ರಿಂದ ಕಲ್ಲಿದ್ದಲು ಉರಿದೇ ವಿದ್ಯುತ್ತು ಹುಟ್ಟುತ್ತಿದೆ. ಅಂಥ ಒಂದೊಂದು ಯೂನಿಟ್ಟಿಗೂ ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಬೇಕು. ಗಣಿಯಿಂದ ಸ್ಥಾವರದವರೆಗೆ ಎಷ್ಟೋ ಜನರ ಕಾಯಕ ಅದರಲ್ಲಿ ಅಡಗಿದೆ. ಪ್ರಸಾದವನ್ನು ಎಡೆಯಲ್ಲಿ ಬಿಡಬಾರದೆಂದು ಮಕ್ಕಳಿಗೆ ಕಲಿಸುವ ನಾವು, ಬೇರೆಯವರ ಕಾಯಕದ ಫಲವನ್ನು ಬರಿದಾದ ಕೋಣೆಯಲ್ಲಿ ಚೆಲ್ಲಬಹುದೆ?

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಉಳಿತಾಯದ ಹೆಸರಿನಲ್ಲಿ ವೃದ್ಧರು, ಹಸುಗೂಸುಗಳು, ರೋಗಿಗಳು ಬೇಯಬಾರದು. ವಯಸ್ಸಾದಂತೆ ದೇಹಕ್ಕೆ ತಾಪವನ್ನು ತಾಳುವ ಶಕ್ತಿ ಕುಗ್ಗುತ್ತದೆ. ಬಾಯಾರಿಕೆಯೂ ಬೇಗ ತಿಳಿಯದು. ಉಷ್ಣತೆ ೪೦ ಡಿಗ್ರಿ ದಾಟಿದಾಗ ಬರಿಯ ಫ್ಯಾನು ಬಿಸಿಗಾಳಿಯನ್ನೇ ಮೈಗೆ ಬೀಸುತ್ತದೆ. ಆಗ ಕೂಲರಾಗಲಿ, ಏ.ಸಿ.ಯಾಗಲಿ, ಒದ್ದೆ ಬಟ್ಟೆಯಾಗಲಿ ಬೇಕು. ಆಗಾಗ ನೀರು ಕುಡಿಸಬೇಕು. ಹಿರಿಯರು ಬೇಡವೆಂದರೂ ಮಕ್ಕಳು ಕೇಳಬಾರದು.

ಅಂದು ಆ ಮನೆಯ ಯಜಮಾನರು ನಮ್ಮ ಮಾತು ಮುಗಿಯುವ ಮೊದಲೇ ಎದ್ದು ಮೂರು ಕೋಣೆಗಳ ಫ್ಯಾನು ಆರಿಸಿ, ತಾಯಿಯ ತಲೆಯ ಮೇಲಿನದನ್ನು ಹಾಕಿದರು. ಬರಿದಾದೆಡೆ ಉಳಿಸಿದ್ದು ಇರುವವರಿಗೆ ಸಲ್ಲಬೇಕು. ಮನೆಯೊಳಗಿನ ದಾಸೋಹವೆಂದರೆ ನಮಗೆ ಅದೇ.