ಟಾಲೆಮಿಯ ಕೋಷ್ಟಕಗಳು ಮತ್ತು ಯುರೋಪಿನ ಆರಂಭಿಕ ಮುದ್ರಿತ ನಕ್ಷೆಗಳಲ್ಲಿ ಭಾರತ

ಪ್ರಾಚೀನ ಭಾರತದ ಸ್ಥಳನಾಮಗಳ ಚರ್ಚೆಯಲ್ಲಿ ‘ಟಾಲೆಮಿಯ ನಕ್ಷೆ’ಯನ್ನು ಆಧಾರವಾಗಿ ಬಳಸುವ ರೂಢಿ ಉಂಟು. ಆ ಹೆಸರಿನ ಚಿತ್ರಗಳು ಯಾವ ಕಾಲಕ್ಕೆ, ಎಷ್ಟರಮಟ್ಟಿಗೆ ಸಾಕ್ಷಿಯಾಗಬಲ್ಲವು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳುವುದು ಅಗತ್ಯ.

ಕ್ರಿ.ಶ. 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಟಾಲೆಮಿ ತನ್ನ ಭೂಗೋಳ ಗ್ರಂಥದಲ್ಲಿ ಸುಮಾರು 8,000 ಸ್ಥಳಗಳನ್ನು ಅಕ್ಷಾಂಶ-ರೇಖಾಂಶಗಳೊಡನೆ ಪಟ್ಟಿ ಮಾಡಿದ್ದಾನೆ. ಅವನ ಕಾಲದ ನಕ್ಷೆ ಯಾವುದೂ ಉಳಿದಿಲ್ಲ. 1295ರ ಸುಮಾರಿಗೆ ಬೈಜಾಂಟಿಯಂನ ವಿದ್ವಾಂಸ ಮ್ಯಾಕ್ಸಿಮಸ್ ಪ್ಲಾನುಡೀಸ್ ಈ ಗ್ರಂಥದ ಗ್ರೀಕ್ ಹಸ್ತಪ್ರತಿಗಳನ್ನು ಶೋಧಿಸಿದನು. 15ನೆಯ ಶತಮಾನದ ಆರಂಭದಲ್ಲಿ ಯಾಕೊಪೊ ಆಂಜೆಲಿ ಅದನ್ನು ಲ್ಯಾಟಿನ್ನಿಗೆ ಅನುವಾದಿಸಿದನು. ನಕ್ಷೆಗಳೊಡನೆ ಅದು ಮೊದಲು ಅಚ್ಚಾದುದು 1477ರಲ್ಲಿ, ಬೊಲೋನ್ಯದಲ್ಲಿ; 1482ರಲ್ಲಿ ಉಲ್ಮ್ ನಗರದ ಆವೃತ್ತಿ ಹೊರಬಂದಿತು. ಹೀಗೆ ಮೂಲ ಕೋಷ್ಟಕಕ್ಕೂ ಮುದ್ರಿತ ನಕ್ಷೆಗೂ ನಡುವೆ ಸುಮಾರು 1,300 ವರ್ಷಗಳ ಅಂತರವಿದೆ.

ಈ ಆವೃತ್ತಿಗಳಲ್ಲಿ ಏಷ್ಯಾಕ್ಕೆ 12 ನಕ್ಷೆಗಳು ಮೀಸಲು. ಹತ್ತನೆಯದು ಗಂಗೆಯ ಈಚೆಗಿನ ಭಾರತ, ಹನ್ನೊಂದನೆಯದು ಗಂಗೆಯ ಆಚೆಗಿನ ಭಾರತ, ಹನ್ನೆರಡನೆಯದು ತಪ್ರೊಬಾನೆ, ಅಂದರೆ ಶ್ರೀಲಂಕಾ. ದಕ್ಷಿಣ ಭಾರತದ ಪರ್ಯಾಯದ್ವೀಪ ಇಲ್ಲಿ ಬಹುಮಟ್ಟಿಗೆ ಮರೆಯಾಗಿದೆ. ಕರಾವಳಿ ದಕ್ಷಿಣಕ್ಕೆ ಚಾಚದೆ ಪೂರ್ವಕ್ಕೆ ಸಾಗುತ್ತದೆ. ತಪ್ರೊಬಾನೆ ವಾಸ್ತವಕ್ಕಿಂತ ಹಲವು ಪಟ್ಟು ಹಿಗ್ಗಿ ಭೂಮಧ್ಯರೇಖೆಯನ್ನು ದಾಟಿದೆ. ಈ ವಿಕೃತಿ ಮುದ್ರಕರ ಅಜ್ಞಾನದ ಫಲವಲ್ಲ, ಕೋಷ್ಟಕದ್ದೇ. ಖಗೋಳ ವೀಕ್ಷಣೆಯಿಂದ ಅಳೆದ ಸ್ಥಳಗಳು ಅತ್ಯಲ್ಪ. ಉಳಿದವಕ್ಕೆ ನಾವಿಕರೂ ವರ್ತಕರೂ ಹೇಳಿದ ಪಯಣದ ದೂರಗಳೇ ಆಧಾರವಾಗಿದ್ದವು.

ಆದರೆ ಸ್ಥಾನ ತಪ್ಪಿದ ಮಾತ್ರಕ್ಕೆ ಹೆಸರು ಸುಳ್ಳಾಗುವುದಿಲ್ಲ. ಟಾಲೆಮಿ ಹೇಳುವ ‘ಬನಔಸೇಯ್’ ಬನವಾಸಿಯೆಂದು ವಿದ್ವಾಂಸರು ಒಪ್ಪಿದ್ದಾರೆ. ಅಲ್ಲಿಯೇ ದೊರೆತಿರುವ ಚುಟು ಕಾಲದ ಪ್ರಾಕೃತ ಶಾಸನ ಆ ಊರಿನ ಪ್ರಾಚೀನತೆಯನ್ನು ಪುಷ್ಟೀಕರಿಸುತ್ತದೆ. ‘ಬೈಥಾನ’ವು ಪೈಠಣ, ಅದರ ಅರಸನೆಂದು ಹೇಳಿದ ‘ಸಿರೊಪ್ಟೊಲೆಮಯೊಸ್’ ಶಾತವಾಹನ ಪುಳುಮಾವಿಯೆಂದು ಗುರುತಿಸಲಾಗಿದೆ. ಸಮಕಾಲೀನ ರಾಜಕೀಯದ ಅರಿವು ಈ ಪಟ್ಟಿಗೆ ತಲುಪಿತ್ತೆಂಬುದಕ್ಕೆ ಇದು ಪ್ರಬಲ ನಿದರ್ಶನ. ಆದರೆ ನಕ್ಷೆಯ ಮೇಲೆ ಅಂತರ ಅಳೆದು, ಬನವಾಸಿಯ ನೆರೆಯಲ್ಲಿ ಕಾಣುವ ಇತರ ಹೆಸರುಗಳನ್ನು ಇಂದಿನ ಊರುಗಳಿಗೆ ಹೊಂದಿಸುವುದಕ್ಕೆ ಅಂಥ ಬಲವಿಲ್ಲ.

ಈ ವಿವೇಕ ಅಂದಿನ ಪ್ರಕಾಶಕರಲ್ಲಿಯೂ ಮೂಡಿತ್ತು. 1498ರಲ್ಲಿ ವಾಸ್ಕೊ ಡ ಗಾಮ ಭಾರತ ತಲುಪಿದ ಬಳಿಕ, 1513ರ ಸ್ಟ್ರಾಸ್‌ಬರ್ಗ್ ಆವೃತ್ತಿಯು ಪ್ರಾಚೀನ ನಕ್ಷೆಗಳನ್ನು ಉಳಿಸಿಕೊಂಡು 20 ಹೊಸ ನಕ್ಷೆಗಳನ್ನು ಪ್ರತ್ಯೇಕವಾಗಿ ಸೇರಿಸಿತು. 1578ರಲ್ಲಿ ಮರ್ಕೇಟರ್ ಟಾಲೆಮಿಯ ನಕ್ಷೆಗಳನ್ನು ಪ್ರಾಚೀನರ ಜಗತ್ತಿನ ದಾಖಲೆಯೆಂದೇ ಮರುಮುದ್ರಿಸಿದನು.

ಆದುದರಿಂದ ಮುದ್ರಿತ ನಕ್ಷೆಯಲ್ಲಿ ಮೂರು ಸ್ತರಗಳನ್ನು ಬೇರ್ಪಡಿಸಬೇಕು: 2ನೆಯ ಶತಮಾನದ ನಾಮಾವಳಿ, ಹಸ್ತಪ್ರತಿಕಾರರ ಪಾಠಾಂತರ, ಮುದ್ರಣಕಾಲದ ರೇಖಾಂಕನ. ಮೊದಲನೆಯದನ್ನು ಅರಸುವವರು ನಕ್ಷೆಯಿಂದ ಗ್ರೀಕ್ ಪಾಠಕ್ಕೆ ಹಿಂದಿರುಗಲೇಬೇಕು. ಭಾರತದ ಭಾಗವನ್ನು ಲೂಯಿ ರೆನೂ 1925ರಲ್ಲಿ ಸಂಪಾದಿಸಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ್ದು, ಪಾಠಾಂತರಗಳ ಪರಿಶೀಲನೆಗೆ ಅದು ಉಪಯುಕ್ತ ಆಕರವಾಗಿದೆ.