ಸರ್ವಿಸ್ ಆದ ಗಾಡಿಯಲ್ಲಿ ಏನೇನು ನೋಡಬೇಕು?

ನಮ್ಮೂರಲ್ಲಿ ಈಗ ಬೈಕ್ ಇಲ್ಲದ ಮನೆ ಕಡಿಮೆ. ಡೇರಿಗೆ ಹಾಲು, ಸಂತೆಗೆ ತೆಂಗಿನಕಾಯಿ, ಆಸ್ಪತ್ರೆಗೆ ಅಜ್ಜಿ, ಎಲ್ಲಾ ಹೋಗುವುದು ಅದರ ಮೇಲೇ. ಆಗಾಗ ಗಾಡಿಯನ್ನು ಸರ್ವಿಸಿಗೆ ಬಿಡುತ್ತಾರೆ. ಸಾಯಂಕಾಲ ಹೋಗಿ ದುಡ್ಡು ಕೊಟ್ಟು, ಗಾಡಿ ಫಳಫಳ ಅಂತ ಹೊಳೆಯುವುದನ್ನು ನೋಡಿ ಖುಷಿಯಿಂದ ಓಡಿಸಿಕೊಂಡು ಬರುತ್ತಾರೆ. ಆದರೆ ಹೊಳೆಯುವುದು ಪೆಟ್ರೋಲ್ ಟ್ಯಾಂಕು. ನೋಡಬೇಕಾದ ಜಾಗಗಳು ಬೇರೆ ಇವೆ.

ಸರ್ವಿಸ್ ಅಂದರೆ ಏನು? ಕೆಲವು ಭಾಗ ಬಿಚ್ಚುವುದು, ಒರೆಸುವುದು, ಸವೆದದ್ದನ್ನು ಬದಲಾಯಿಸುವುದು, ಮತ್ತೆ ಜೋಡಿಸುವುದು. ಅಂದರೆ ಬೆಳಿಗ್ಗೆ ಗಟ್ಟಿಯಾಗಿದ್ದ ನಟ್ಟು ಸಾಯಂಕಾಲ ಸಡಿಲವಾಗಿರಬಹುದು. ಯಾಕೆಂದರೆ ಅದನ್ನು ಬಿಚ್ಚಿದ್ದಾರೆ! ಬಿಚ್ಚದೇ ಇರುವ ನಟ್ಟಿಗೆ ಆ ಭಯ ಅಷ್ಟಿಲ್ಲ. ಮೆಕ್ಯಾನಿಕ್ ಅಣ್ಣಂದಿರು ಒಂದೇ ದಿನ ನಾಲ್ಕಾರು ಗಾಡಿ ನೋಡುತ್ತಾರೆ. ಮಧ್ಯೆ ಯಾರೋ ಪಂಕ್ಚರ್ ಅಂತ ಬರುತ್ತಾರೆ, ಇನ್ಯಾರೋ ಅರ್ಜೆಂಟ್ ಅಂತ ಬರುತ್ತಾರೆ. ಅದಕ್ಕೇ ಗ್ಯಾರೇಜಿನಲ್ಲಿ ಮೂರು ವರ್ಷ ಕೆಲಸ ಮಾಡಿದ ನಮ್ಮ ಚಿಕ್ಕಪ್ಪ ಹೇಳ್ತಾರೆ, "ಅಣ್ಣಾ, ಏನೇನು ಬಿಚ್ಚಿದ್ರಿ ಅಂತ ಮೊದಲು ಕೇಳಬೇಕು. ಬಿಚ್ಚಿದ್ದನ್ನೆಲ್ಲ ಒಂದು ಸಲ ನೋಡಬೇಕು" ಅಂತ.

ನಮಗೆ ಗಾಡಿ ಓಡಿಸುವ ವಯಸ್ಸಾಗಿಲ್ಲ. ಗೇರ್ ಇರುವ ಬೈಕಿನ ಲೈಸೆನ್ಸಿಗೆ 18 ವರ್ಷ ಆಗಬೇಕು. ಚಿಕ್ಕ ಮಕ್ಕಳ ಕೈಗೆ ಗಾಡಿ ಕೊಟ್ಟರೆ ದೊಡ್ಡವರಿಗೆ 25,000 ರೂಪಾಯಿ ದಂಡ, ಜೈಲು ಅಂತ 2019ರಲ್ಲಿ ಕಾನೂನು ತಿದ್ದಿದ್ದಾರೆ. ಆದರೆ ನೋಡುವುದಕ್ಕೆ ಲೈಸೆನ್ಸ್ ಬೇಕಿಲ್ಲವಲ್ಲ! ಅಪ್ಪನೋ ಅಣ್ಣನೋ ಪಕ್ಕದಲ್ಲಿದ್ದಾಗ, ಎಂಜಿನ್ ಆಫ್ ಮಾಡಿ ನೋಡಬಹುದು.

ಎಲ್ಲಕ್ಕಿಂತ ಮೊದಲು ಬ್ರೇಕು. ನಮ್ಮ ಮನೆಯಲ್ಲಿರುವುದು 2014ರ ಸ್ಪ್ಲೆಂಡರ್, ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್. ಚಕ್ರದ ನಡುವೆ ಡಬ್ಬಿಯಂಥ ಡ್ರಮ್ ಇರುತ್ತದೆ, ಅದು ಚಕ್ರದ ಜೊತೆ ತಿರುಗುತ್ತದೆ. ಅದರ ಒಳಗೆ ಅರ್ಧ ಚಂದ್ರನ ಆಕಾರದ ಎರಡು ಬ್ರೇಕ್ ಶೂ ಇವೆ, ಅವು ತಿರುಗುವುದಿಲ್ಲ. ಪೆಡಲ್ ತುಳಿದರೆ ಶೂಗಳು ಅಗಲವಾಗಿ ಡ್ರಮ್ಮಿನ ಒಳಗೋಡೆಯನ್ನು ಒತ್ತುತ್ತವೆ. ಘರ್ಷಣೆಯಿಂದ ಚಕ್ರ ನಿಲ್ಲುತ್ತದೆ. ವಿಜ್ಞಾನ ಮೇಷ್ಟ್ರು ಹೇಳಿಕೊಟ್ಟ ಘರ್ಷಣೆ ಇದೇ.

ಪೆಡಲ್ ತುಳಿದ ಕೂಡಲೇ ಹಿಡಿಯಬಾರದು, ಎರಡರಿಂದ ಮೂರು ಸೆಂಟಿಮೀಟರ್ ಸುಮ್ಮನೆ ಇಳಿದು ಆಮೇಲೆ ಹಿಡಿಯಬೇಕು. ಮುಂದಿನ ಬ್ರೇಕಿನ ಹಿಡಿಯ ತುದಿಯಲ್ಲಿ ಒಂದರಿಂದ ಎರಡು ಸೆಂಟಿಮೀಟರ್ ಆಟ ಇರಬೇಕು. ಸ್ಕೇಲ್ ಇಟ್ಟು ಅಳೆಯಬಹುದು, ನಾನು ಅಳೆದಿದ್ದೇನೆ. ಆಟ ಹೆಚ್ಚಾದರೆ ಬ್ರೇಕ್ ತಡವಾಗಿ ಹಿಡಿಯುತ್ತದೆ. ಕಡಿಮೆಯಾದರೆ ಶೂ ಸದಾ ಉಜ್ಜುತ್ತಾ ಡ್ರಮ್ ಬಿಸಿಯಾಗುತ್ತದೆ, ಪೆಟ್ರೋಲೂ ದಂಡ. ಇದನ್ನು ತಿಳಿಯಲು ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಹಿಂದಿನ ಟೈರನ್ನು ಕೈಯಿಂದ ತಿರುಗಿಸಿ. ಸರಾಗವಾಗಿ ತಿರುಗಬೇಕು. ಬೆರಳು ಚೈನಿನ ಹತ್ತಿರ, ಕಡ್ಡಿಗಳ ಮಧ್ಯೆ ಹೋಗಬಾರದು.

ಇನ್ನೊಂದು ಜಾಗವನ್ನು ಬಹಳ ಜನ ನೋಡುವುದೇ ಇಲ್ಲ. ಹಿಂದಿನ ಚಕ್ರದ ಪಕ್ಕ ಬ್ರೇಕ್ ಶೂ ಹೊತ್ತಿರುವ ದುಂಡನೆಯ ತಟ್ಟೆ ಇದೆ. ಆ ತಟ್ಟೆಯಿಂದ ಮುಂದಕ್ಕೆ, ಚಕ್ರ ಹಿಡಿದಿರುವ ಕಬ್ಬಿಣದ ಕವಲಿಗೆ, ಒಂದು ಉದ್ದನೆಯ ಪಟ್ಟಿ ಹೋಗಿರುತ್ತದೆ. ಪಕ್ಕದಲ್ಲೇ ಪೆಡಲಿಗೆ ಹೋಗುವ ಸಣ್ಣ ಕಂಬಿ ಇದೆ, ಅದು ಬೇರೆ. ಈ ಪಟ್ಟಿಗೆ ಏನು ಕೆಲಸ? ಬ್ರೇಕ್ ಹಿಡಿದಾಗ ತಿರುಗುತ್ತಿರುವ ಡ್ರಮ್ ಶೂಗಳನ್ನೂ ತನ್ನ ಜೊತೆ ಎಳೆಯಲು ನೋಡುತ್ತದೆ. ಶೂ ಜೊತೆ ತಟ್ಟೆಯೂ ತಿರುಗಲು ಹೊರಡುತ್ತದೆ. ಅದನ್ನು ತಿರುಗದ ಹಾಗೆ ಹಿಡಿಯುವುದು ಈ ಪಟ್ಟಿ. ಅದು ಕಳಚಿದರೆ ತಟ್ಟೆ ಗಿರ್ ಅಂತ ತಿರುಗಿ, ಕಂಬಿ ಬಗ್ಗಿ, ಬ್ರೇಕ್ ಇಲ್ಲದ ಹಾಗಾಗಬಹುದು, ಇಲ್ಲವೇ ಓಡುತ್ತಿರುವಾಗಲೇ ಚಕ್ರ ಕಚ್ಚಿಕೊಳ್ಳಬಹುದು. ಹಿಂದಿನ ಚಕ್ರ ತೆಗೆದಾಗಲೆಲ್ಲ ಈ ಪಟ್ಟಿಯ ನಟ್ಟನ್ನು ಬಿಚ್ಚಬೇಕಾಗುತ್ತದೆ. ನಟ್ಟು ತಾನಾಗಿ ಬಿಚ್ಚಿಕೊಳ್ಳದಿರಲಿ ಅಂತ ಬೋಲ್ಟಿನ ತೂತಿನಲ್ಲಿ ಒಂದು ಪಿನ್ನು ತೂರಿಸಿ ಅದರ ಕಾಲು ಬಗ್ಗಿಸಿರುತ್ತಾರೆ.

ಕಳೆದ ವರ್ಷ ನಮ್ಮ ಗಾಡಿಗೆ ಹಿಂದಿನ ಶೂ ಬದಲಾಯಿಸಿದ್ದರು. ಮಾರನೇ ದಿನ ಬೆಳಿಗ್ಗೆ ಅಪ್ಪ ಎರಡು ಕ್ಯಾನ್ ಹಾಲು ಕಟ್ಟಿಕೊಂಡು ಹೊರಡುವವರಿದ್ದರು. ಚಿಕ್ಕಪ್ಪ ಕೂತು ನೋಡಿದರೆ ಆ ಪಿನ್ನೇ ಇಲ್ಲ! ನಟ್ಟನ್ನು ಬೆರಳಿನಲ್ಲಿ ತಿರುಗಿಸಿದರೆ ತಿರುಗಿತು. ಡೇರಿಗೆ ಹೋಗುವ ದಾರಿಯಲ್ಲಿ ಕೆರೆ ಏರಿ ಇಳಿಜಾರಿದೆ, ನಿಮಗೆಲ್ಲ ಗೊತ್ತು. ಅಪ್ಪ ಏನೂ ಮಾತಾಡಲಿಲ್ಲ, ಕ್ಯಾನ್ ಇಳಿಸಿ ಕಟ್ಟೆ ಮೇಲೆ ಕೂತುಬಿಟ್ಟರು. ಚಿಕ್ಕಪ್ಪ ನಟ್ಟು ಬಿಗಿ ಮಾಡಿ, ಅಂಗಡಿಯಿಂದ ಎರಡು ರೂಪಾಯಿಯ ಪಿನ್ನು ತಂದು ಹಾಕಿದರು. ಆಮೇಲೆ ಮೆಕ್ಯಾನಿಕ್ಕಿಗೆ ತೋರಿಸಿದಾಗ ಅವರೂ ಗಾಬರಿಯಾದರು, ಜಗಳ ಏನೂ ಆಗಲಿಲ್ಲ. ಆವತ್ತಿನಿಂದ ನಮ್ಮ ಮನೆಯಲ್ಲಿ ಪಿನ್ನು ನೋಡುವ ಕೆಲಸ ನನ್ನದು.

ಆ ಜಾಗದಲ್ಲೇ ಚಕ್ರದ ಮಧ್ಯದ ಅಚ್ಚಿನ ದೊಡ್ಡ ನಟ್ಟಿದೆ. ಅದು ಕೈಯಲ್ಲಿ ತಿರುಗಬಾರದು, ಸ್ಪ್ಯಾನರ್ ಹಾಕಿ ದೊಡ್ಡವರು ನೋಡಬೇಕು. ಅದರ ಎರಡೂ ಕಡೆ ಚೈನ್ ಬಿಗಿ ಮಾಡುವ ಗೆರೆಗಳಿವೆ. ಎಡಗಡೆ ಎಷ್ಟನೇ ಗೆರೆಗೆ ಇದೆಯೋ ಬಲಗಡೆಯೂ ಅಷ್ಟೇ ಇರಬೇಕು, ಇಲ್ಲದಿದ್ದರೆ ಚಕ್ರ ಸೊಟ್ಟ ನಿಂತಿದೆ ಅಂತ ಅರ್ಥ. ಸ್ಪ್ಲೆಂಡರಿನ ಚೈನಿಗೆ ಪೂರ್ತಿ ಮುಚ್ಚಿದ ಕವರ್ ಇರುವುದರಿಂದ ಚೈನು ಕಾಣುವುದಿಲ್ಲ, ಆದರೆ ಕವರಿನಲ್ಲಿ ರಬ್ಬರ್ ಮುಚ್ಚಳದ ಒಂದು ಕಿಂಡಿ ಇದೆ. ಅದನ್ನು ತೆಗೆದು ಚೈನನ್ನು ಮೇಲೆ ಕೆಳಗೆ ಆಡಿಸಿದರೆ ಎರಡು ಮೂರು ಸೆಂಟಿಮೀಟರ್ ಆಡಬೇಕು. ತಂತಿಯ ಹಾಗೆ ಬಿಗಿಯಾದರೂ ಕಷ್ಟ, ಜೋತು ಬಿದ್ದರೂ ಕಷ್ಟ.

ಎಂಜಿನ್ ಆಯಿಲ್ ಹಾಕಿದ್ದೇವೆ ಅಂತ ಬಿಲ್ಲಿನಲ್ಲಿ ಬರೆದರೆ ಸಾಲದು, ಕಡ್ಡಿ ತೆಗೆದು ನೋಡಬೇಕು. ಗಾಡಿ ಸಮ ನೆಲದಲ್ಲಿ ಡಬಲ್ ಸ್ಟ್ಯಾಂಡಿನ ಮೇಲಿರಬೇಕು. ಸೈಡ್ ಸ್ಟ್ಯಾಂಡಿನಲ್ಲಿ ಓರೆಯಾಗಿ ನಿಂತರೆ ಅಳತೆ ಸುಳ್ಳಾಗುತ್ತದೆ. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಮತ್ತೆ ಇಡಬೇಕು. ನಮ್ಮ ಗಾಡಿಯಲ್ಲಿ ಕಡ್ಡಿಯನ್ನು ತಿರುಪದೆ ಸುಮ್ಮನೆ ಇಟ್ಟು ತೆಗೆಯಬೇಕು. ಎಣ್ಣೆ ಎರಡು ಗುರುತಿನ ನಡುವೆ ಇದ್ದರೆ ಸರಿ. ಜಾಸ್ತಿ ಹಾಕಿದರೆ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ, ಅದು ತಪ್ಪು.

ಆಕ್ಸಿಲೇಟರನ್ನು ತಿರುಗಿಸಿ ಬಿಟ್ಟರೆ ಟಕ್ ಅಂತ ವಾಪಸ್ ಬರಬೇಕು. ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ನ್ಯೂಟ್ರಲ್ಲಿನಲ್ಲಿ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಅಪ್ಪ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸುತ್ತಾರೆ. ಆಗ ಶಬ್ದ ಏರಬಾರದು. ಏರಿದರೆ ಕೇಬಲ್ ಎಲ್ಲೋ ಎಳೆದುಕೊಂಡಿದೆ. ತಿರುವಿನಲ್ಲಿ ಗಾಡಿ ತಾನಾಗೇ ಜೋರಾದರೆ ಏನು ಗತಿ ಯೋಚಿಸಿ.

ಕಾರ್ಬೊರೇಟರ್ ಬಿಚ್ಚಿದ್ದರೆ ಕೆಳಗೆ ಪೆಟ್ರೋಲ್ ಹನಿಯುತ್ತಿದೆಯಾ ನೋಡಬೇಕು. 2020ರ ಏಪ್ರಿಲ್‌ನಿಂದ ಮಾರುವ ಹೊಸ ಸ್ಪ್ಲೆಂಡರುಗಳಲ್ಲಿ ಕಾರ್ಬೊರೇಟರ್ ಬದಲು ಪೆಟ್ರೋಲನ್ನು ಸಿಂಪಡಿಸುವ ವ್ಯವಸ್ಥೆ ಇದೆ. ಲೈಟು, ಹಾರ್ನು, ಇಂಡಿಕೇಟರ್ ನೋಡುವುದು ಎಲ್ಲರಿಗೂ ಗೊತ್ತು. ಬ್ರೇಕ್ ಹಿಡಿದಾಗ ಹಿಂದಿನ ಕೆಂಪು ದೀಪ ಹತ್ತುತ್ತದಾ ಅಂತ ಮಾತ್ರ ಓಡಿಸುವವರಿಗೆ ಕಾಣುವುದಿಲ್ಲ, ನಾವೇ ಹಿಂದೆ ನಿಂತು ಹೇಳಬೇಕು. ಗಾಳಿ, ನಮ್ಮ ಗಾಡಿಗೆ ಒಬ್ಬರೇ ಹೋದರೆ ಮುಂದೆ 25, ಹಿಂದೆ 28. ಹಿಂದೆ ಒಬ್ಬರು ಕೂತರೆ ಹಿಂದಿನ ಟೈರಿಗೆ ಇನ್ನೂ ಹೆಚ್ಚು ಬೇಕು.

ವಾಟರ್ ಸರ್ವಿಸ್ ಮಾಡಿಸಿದ್ದರೆ ಡ್ರಮ್ಮಿನ ಒಳಗೆ ನೀರು ಹೋಗಿ ಮೊದಲು ಬ್ರೇಕ್ ಸರಿಯಾಗಿ ಹಿಡಿಯದೇ ಇರಬಹುದು. ಜನ ಇಲ್ಲದ ಕಡೆ ನಿಧಾನವಾಗಿ ಓಡಿಸುತ್ತಾ ಮೆಲ್ಲಗೆ ಬ್ರೇಕ್ ಹಿಡಿದು ಬಿಟ್ಟು ಮಾಡಿದರೆ ಒಣಗುತ್ತದೆ. ಆಮೇಲೇ ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳಬೇಕು.

ರಾತ್ರಿ ಗಾಡಿ ನಿಲ್ಲಿಸುವಾಗ ಎಂಜಿನ್ ಕೆಳಗೆ ಒಂದು ಹಳೇ ಪೇಪರ್ ಹಾಸಿ. ಬೆಳಿಗ್ಗೆ ಪೇಪರಿನ ಮೇಲೆ ಎಣ್ಣೆಯ ಚುಕ್ಕೆ ಬಿದ್ದಿದ್ದರೆ ಕೆಳಗಿನ ಬೋಲ್ಟು ಸರಿ ಕೂತಿಲ್ಲ, ಅಥವಾ ಅದರ ವಾಷರ್ ಹೋಗಿದೆ. ಎರಡು ಮೂರು ದಿನ ಓಡಿಸಿದ ಮೇಲೆ ನಟ್ಟುಗಳನ್ನು ಇನ್ನೊಂದು ಸಲ ನೋಡುವುದು ಒಳ್ಳೆಯದು.

ಬದಲಾಯಿಸಿದ ಹಳೇ ಸಾಮಾನನ್ನು ಕೇಳಿ ತೆಗೆದುಕೊಳ್ಳಬಹುದು. ಬಿಲ್ಲಿಗೂ ಅದಕ್ಕೂ ತಾಳೆ ಆಗುತ್ತದೆ, ಎಷ್ಟು ಸವೆದಿತ್ತು ಅಂತಲೂ ಗೊತ್ತಾಗುತ್ತದೆ. ನಮ್ಮ ಗಾಡಿಯ ಹಳೇ ಬ್ರೇಕ್ ಶೂ ಜೋಡಿಯನ್ನು ತೊಳೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಶಾಲೆಯ ವಿಜ್ಞಾನ ಮೂಲೆಯಲ್ಲಿ ಇಟ್ಟಿದ್ದೇನೆ. ನೋಡುವವರು ಕವರಿನ ಮೇಲಿಂದಲೇ ನೋಡಿ, ಅದರ ಧೂಳು ಮೂಗಿಗೆ ಹೋಗಬಾರದು. ಒಂದು ಶೂ ಇನ್ನೊಂದಕ್ಕಿಂತ ಹೆಚ್ಚು ಸವೆದಿದೆ. ಯಾಕೆ ಅಂತ ಹೇಳುವವರು ಮುಂದಿನ ಸಂಚಿಕೆಗೆ ಬರೆದು ಕೊಡಿ.