ಕದ್ರಿಯ ಸ್ಯಾಕ್ಸ್, ಕೊಲರಾಡೊದ ಸ್ಯಾಕ್ಸ್

ಜೀಡಿಮೆಟ್ಲಾದ ನಮ್ಮ ಮನೆಗೆ ಬಂದ ನೆಂಟರು ಮಗಳನ್ನು ಕೇಳುವ ಮೊದಲ ಪ್ರಶ್ನೆ, "ಕನ್ನಡ ಬರತ್ತಾ ಪುಟ್ಟಿ?" ಬರುತ್ತದೆ, ಅರ್ಧ ತೆಲುಗು ಬೆರೆಸಿಕೊಂಡು. ಅವಳು ನಾಚಿ ಒಳಗೆ ಓಡಿದಾಗೆಲ್ಲ ನನಗೆ ರುದ್ರೇಶ್ ಮಹಾಂತಪ್ಪ ನೆನಪಾಗುತ್ತಾರೆ.

ಹೆಸರು ಕೇಳಿದರೆ ಪಕ್ಕದೂರಿನವರು ಅನ್ನಿಸುತ್ತದೆ. ಆದರೆ ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟೆಯಲ್ಲಿ. ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ತಂದೆತಾಯಿ ಕರ್ನಾಟಕ ಮೂಲದವರು. ಹುಡುಗ ಹಿಡಿದದ್ದು ಆಲ್ಟೊ ಸ್ಯಾಕ್ಸೊಫೋನ್, ಮನಸೋತದ್ದು ಚಾರ್ಲಿ ಪಾರ್ಕರ್‌ಗೆ. ಆದರೂ ಮುಖ, ಹೆಸರು ನೋಡಿದವರು ಭಾರತೀಯ ಸಂಗೀತ ಗೊತ್ತಿದ್ದೇ ಇರುತ್ತದೆ ಎಂದುಕೊಳ್ಳುತ್ತಿದ್ದರು. ಗೊತ್ತಿರಲಿಲ್ಲ. ಕಾಲೇಜು ದಿನಗಳಲ್ಲಿ ಸೋದರ ತಮಾಷೆಗೆಂದು ಒಂದು ಆಲ್ಬಂ ಕೊಟ್ಟ: 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್'. ನುಡಿಸಿದ್ದವರು ನಮ್ಮ ಕದ್ರಿ ಗೋಪಾಲನಾಥ್! ಕೇಳಿದ ಮೇಲೆ ತಮಾಷೆ ತಮಾಷೆಯಾಗಿ ಉಳಿಯಲಿಲ್ಲ.

ಕದ್ರಿಯವರದು ಬಂಟ್ವಾಳ ಕಡೆಯ ನಾಗಸ್ವರದ ಮನೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮರುಳಾದವರು. ಕೀಲಿಗಳಿರುವ ವಾದ್ಯದಲ್ಲಿ ಸ್ವರಗಳು ಮೆಟ್ಟಿಲಿನಂತೆ ಬಿಡಿಬಿಡಿ. ಗಮಕಕ್ಕೆ ಬೇಕಾದದ್ದು ಜಾರುಬಂಡಿ. ವಾದ್ಯವನ್ನೇ ಒಂದಿಷ್ಟು ಮಾರ್ಪಡಿಸಿ, ತುಟಿ, ಉಸಿರು ಪಳಗಿಸಿ ಅವರು ಆ ಜಾರನ್ನು ಸಾಧಿಸಿದರು.

ಇವರಿಬ್ಬರೂ ಕೂಡಿ ನುಡಿಸಿದ ಆಲ್ಬಂ 'ಕಿನ್ಸ್‌ಮೆನ್', 2008ರಲ್ಲಿ ಪೈ ರೆಕಾರ್ಡಿಂಗ್ಸ್ ಹೊರತಂದದ್ದು. ಕನ್ನಡದಲ್ಲಿ ಹೇಳುವುದಾದರೆ 'ಬಂಧುಗಳು'. ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರು ಶ್ರೀಜಿ ಅವರ ಮೃದಂಗ ಒಂದೆಡೆ. ರೆಜ್ ಅಬ್ಬಾಸಿಯ ಗಿಟಾರ್, ಬಾಸ್, ಡ್ರಮ್ಸ್ ಇನ್ನೊಂದೆಡೆ. ಫ್ಯೂಷನ್ ಎಂದರೆ ತಂಬೂರಿಯ ಮೇಲೆ ಒಂದಿಷ್ಟು ಡ್ರಮ್ಸ್ ಸುರಿಯುವುದು ಎಂದುಕೊಂಡಿದ್ದ ನನಗೆ ಇದು ಬೇರೆಯೇ ರುಚಿ. ಜಾಝ್ ಮುಂದೆ ಸಾಗುವುದು ಹೆಚ್ಚಾಗಿ ಬದಲಾಗುವ ಕಾರ್ಡ್‌ಗಳ ಮೇಲೆ. ನಮ್ಮ ರಾಗಕ್ಕೆ ಕಾರ್ಡ್‌ಗಳ ಹಂಗಿಲ್ಲ, ಷಡ್ಜ ಅಲುಗಾಡುವುದಿಲ್ಲ. ಇಲ್ಲಿ ಯಾರೂ ತಮ್ಮದನ್ನು ಬಿಟ್ಟುಕೊಟ್ಟಿಲ್ಲ. 'ಗಣೇಶ' ಕೇಳಿ: ಎರಡೂ ಆಲ್ಟೊ ಸ್ಯಾಕ್ಸೇ, ಆದರೆ ಒಂದು ಸ್ವರವನ್ನು ಬಳಸಿ ಬಳುಕಿ ತಲುಪುತ್ತದೆ, ಇನ್ನೊಂದು ಚೂಪಾಗಿ ಕತ್ತರಿಸಿಕೊಂಡು ಹೋಗುತ್ತದೆ. ಗಿಟಾರ್ ಅಲ್ಲಲ್ಲಿ ಹೆಚ್ಚಾಯಿತು ಅನ್ನಿಸಿದ್ದುಂಟು, ಅದು ನನ್ನ ಕಿವಿಯ ತಕರಾರು ಇರಬಹುದು.

ನನಗೆ ಮುಖ್ಯವಾದದ್ದು ಬೇರೆ. ರುದ್ರೇಶ್ ಇಲ್ಲಿ ಕದ್ರಿಯವರನ್ನು ಅನುಕರಿಸಿ 'ನಾನೂ ನಿಮ್ಮವನೇ' ಎಂದು ಒಪ್ಪಿಸಲು ಹೊರಟಿಲ್ಲ. ಕೊಲರಾಡೊದ ಹುಡುಗನಾಗಿಯೇ ಗುರುವಿನ ಪಕ್ಕ ನಿಂತಿದ್ದಾರೆ. ಗುರುವೂ ಅವರನ್ನು ತಿದ್ದಲು ಹೋಗಿಲ್ಲ.

ಕದ್ರಿಯವರು 2019ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಕಳೆದ ಭಾನುವಾರ ಕಾರಿನಲ್ಲಿ ಈ ಆಲ್ಬಂ ಹಾಕಿ ಮಗಳಿಗೆ "ಯಾವುದು ಕದ್ರಿ ತಾತ, ಯಾವುದು ರುದ್ರೇಶ್ ಅಂಕಲ್ ಹೇಳು" ಎಂದೆ. ಮೂರು ಸಲ ಸರಿಯಾಗಿ ಹೇಳಿದಳು, ನಾಲ್ಕನೆಯದು ತಪ್ಪಿತು. ಆ ಸಲ ನಾನೂ ತಪ್ಪಿದ್ದೆ.